ಭಾವನ ಆಫ್ರಿಕಾ ಮತ್ತು ಡ್ಯಾನ್‌ವಿಲ್‌ನ ಹುಡುಗ

ಹಾಸನ ಜಿಲ್ಲೆಯಲ್ಲಿ ಹುಟ್ಟಿ, ಆಫ್ರಿಕಾದ ಮಣ್ಣನ್ನು ಒಮ್ಮೆಯೂ ಮೆಟ್ಟದೆ, ಕ್ಯುಪರ್ಟಿನೋದ ಸೋಫಾದ ಮೇಲೆ ಕುಳಿತೇ ಪೂರ್ತಿ ಆಫ್ರಿಕಾದವನಾಗಿಬಿಟ್ಟ ಮಹಾನುಭಾವ ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬ. ಆತ ನನ್ನ ಅಕ್ಕನ ಗಂಡ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು. ದೂರು ಕೊಡುತ್ತಿದ್ದೇನೆ!

ಸುತ್ತಮುತ್ತಲಿನ ಕನ್ನಡಿಗರಲ್ಲಿ ಯಾರನ್ನು ಎಬ್ಬಿಸಿ ಕೇಳಿದರೂ ಇಂಜಿನಿಯರು, ಇಲ್ಲವೇ ಡಾಕ್ಟರು. ನಮ್ಮ ಭಾವ ಮಾತ್ರ ಕಮ್ಯುನಿಟಿ ಕಾಲೇಜೊಂದರಲ್ಲಿ ಆಫ್ರಿಕಾದ ಕಾದಂಬರಿಗಳ ಪಾಠ ಹೇಳಿ ರಿಟೈರಾದವರು. ಮನೆಯ ಕಂತು ಕಟ್ಟಿದವಳು ದಿನವೂ ರೆಡ್‌ವುಡ್ ಸಿಟಿಯ ತನಕ ಫ್ರೀವೇಯಲ್ಲಿ ತೆವಳಿ ಸಾಫ್ಟ್‌ವೇರು ಬರೆದ ನನ್ನ ಅಕ್ಕ. ಭಾವನ ಪಾಠದ ಸಾರ ನನಗೂ ಬಾಯಿಪಾಠ: ಬಿಳಿಯರು ಬಂದರು, ಚರ್ಚು ಎದ್ದಿತು, ಹಳ್ಳಿ ಎರಡಾಯಿತು, ಹಳಬರು ಮುರಿದುಹೋದರು, ಹೊಸಬರು ಶಾಲೆಗೆ ಹೋಗಿ ಅಪ್ಪನಿಗೆ ಬುದ್ಧಿ ಹೇಳಿದರು. ಜಗತ್ತಿನ ಯಾವುದೇ ವಿದ್ಯಮಾನವನ್ನು ಭಾವ ಈ ಚೌಕಟ್ಟಿನೊಳಗೆ ತುರುಕಬಲ್ಲರು. ಸಿಟಿಯವರು ಕಸಕ್ಕೆ ಮೂರನೆಯ ಡಬ್ಬ ಕೊಟ್ಟಾಗ ಅದರಲ್ಲೂ ವಸಾಹತುಶಾಹಿ ಕಂಡಿತು!

ಸ್ನೇಹಿತರೊಬ್ಬರ ಗೃಹಪ್ರವೇಶದಲ್ಲಿ ಪುರೋಹಿತರು ಮಂತ್ರವನ್ನು ಸ್ವಲ್ಪ ಓಡಿಸಿದರು. ಅಷ್ಟೇ ಸಾಕಾಯಿತು. ಭಾವ ಎದ್ದು ನಿಂತರು.

"ಸ್ವಾಮಿ, ಇದು ಬಿಳಿಯನ ಗಡಿಯಾರ. ಆಫ್ರಿಕಾದ ಒಂದು ಹಳ್ಳಿಯಲ್ಲಿ ಇದೇ ಗಡಿಯಾರ ದೇವರನ್ನೇ ಊರು ಬಿಡಿಸಿತು. ನೀವು ನಿಧಾನಕ್ಕೆ ಹೇಳಿ."

"ಹೇಳ್ತೀನಿ ಸರ್. ನನ್ನ ಕಾರು ಅಗ್ನಿಶಾಮಕದವರ ಕೆಂಪು ಗೆರೆಯ ಮೇಲೆ ನಿಂತಿದೆ, ತಡವಾದ್ರೆ ಎಳ್ಕೊಂಡು ಹೋಗ್ತಾರೆ. ಅವರಿಗೂ ಒಂದು ಮಾತು ಹೇಳಿ ಬರ್ತೀರಾ?" ಎಂದರು ಪುರೋಹಿತರು.

ಇಂಥ ಭಾವನ ಒಬ್ಬಳೇ ಮಗಳು ಸಿಂಧು. ಇಲ್ಲೇ ಹುಟ್ಟಿದವಳು, ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಒಂದು ಭಾನುವಾರ ಅವಳು ತನ್ನ ಜೊತೆ ಕೆಲಸ ಮಾಡುವ ಎಮೆಕಾನನ್ನು ಮದುವೆಯಾಗುತ್ತೇನೆಂದಳು. ಅವನ ಅಪ್ಪ ಅಮ್ಮ ನೈಜೀರಿಯಾದ ಇಗ್ಬೊ ಜನ. ಅಪ್ಪ ಡಾಕ್ಟರು, ಮನೆ ಇಲ್ಲೇ ಹತ್ತಿರದ ಡ್ಯಾನ್‌ವಿಲ್‌ನಲ್ಲಿ.

ನಾವೆಲ್ಲ ಭಾವ ಕುಣಿದಾಡುತ್ತಾರೆಂದು ಎಣಿಸಿದ್ದೆವು. ಜೀವಮಾನವಿಡೀ ಜಪಿಸಿದ ದೇವರು ತಾನಾಗಿ ಕಾರು ಹೊಡೆದುಕೊಂಡು ಮನೆ ಬಾಗಿಲಿಗೆ ಬಂದರೆ ಕುಣಿಯದೆ ಇನ್ನೇನು ಮಾಡಬೇಕು? ಭಾವ ಕುಣಿಯಲಿಲ್ಲ. ಸಂದರ್ಶನ ಇಟ್ಟರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅವಮಾನ ಯಾವ ಭಾಷೆಯಲ್ಲಾದರೂ ಅಷ್ಟೇ ತೂಗುವುದರಿಂದ ಕನ್ನಡದಲ್ಲೇ ಕೊಡುತ್ತೇನೆ.

"ನಿಮ್ಮ ಊರ ದೇವರು ಯಾವುದಪ್ಪಾ?"

"ಡ್ಯಾನ್‌ವಿಲ್‌ನಲ್ಲಿ ಹಾಗೆ ಯಾವುದೂ ಇಲ್ಲ ಅಂಕಲ್."

"ಹೊಸ ಗೆಡ್ಡೆ ಕಿತ್ತಾಗ ಹಬ್ಬ ಮಾಡ್ತೀರಲ್ಲ, ಆಗ ನೀನು ಏನು ಮಾಡ್ತೀಯ?"

"ನಾನು ಗೆಡ್ಡೆ ತಿನ್ನಲ್ಲ ಅಂಕಲ್. ಕಾರ್ಬ್ಸು ಬಿಟ್ಟಿದ್ದೀನಿ."

"ಭಾಷೆ?"

"ಅರ್ಥ ಆಗುತ್ತೆ. ಮಾತಾಡೋಕೆ ಬರಲ್ಲ."

"ನಿಮ್ಮವರ ಕಾದಂಬರಿಗಳು?"

"ಹೈಸ್ಕೂಲಲ್ಲಿ ಒಂದು ಪಾಠಕ್ಕಿತ್ತು. ಸಾರಾಂಶ ಓದಿದ್ದೆ."

ಭಾವ ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ನಾನು ಹಿಂದೆಯೇ ಹೋದೆ. ಗ್ಯಾರೇಜಿನಲ್ಲಿ, ತಮ್ಮ ಪುಸ್ತಕದ ಪೆಟ್ಟಿಗೆಗಳ ನಡುವೆ, ಸೂತಕದ ಮುಖ ಹೊತ್ತು ನಿಂತಿದ್ದರು.

"ಈ ಮದುವೆಗೆ ನನ್ನ ಒಪ್ಪಿಗೆ ಇಲ್ಲ ಕಣಯ್ಯಾ. ಅವನು ಆಫ್ರಿಕಾದವನೇ ಅಲ್ಲ!"

ನನಗೆ ಮೈಯೆಲ್ಲ ಉರಿಯಿತು. ನೀವೇ ಹೇಳಿ, ಇಂಥ ತಕರಾರನ್ನು ಯಾವ ಮಾವನಾದರೂ ತೆಗೆದದ್ದುಂಟೆ?

"ಭಾವ, ನಿಮ್ಮ ಮಗಳು ಬೆಳಿಗ್ಗೆದ್ದು ತಣ್ಣನೆ ಹಾಲಿನಲ್ಲಿ ಸೀರಿಯಲ್ಲು ತಿಂತಾಳೆ. ಯುಗಾದಿ ಯಾವತ್ತು ಅಂದ್ರೆ ಫೋನು ನೋಡ್ತಾಳೆ. ಅವಳು ಹಾಸನದವಳಾ?"

"ಅದು ಬೇರೆ ಪ್ರಶ್ನೆ."

"ಹೇಗೆ ಬೇರೆ?"

"ಬೇರೆ ಅಂದ್ರೆ ಬೇರೆ! ಸಿಲೆಬಸ್‌ನಲ್ಲಿಲ್ಲ!"

ಸಂಪ್ರದಾಯ ಮತ್ತು ಬದಲಾವಣೆಗಳ ಸಂಘರ್ಷವನ್ನು ಕುರಿತು ತಲೆಮಾರುಗಟ್ಟಲೆ ಹುಡುಗರಿಗೆ ಮಾರ್ಕ್ಸು ಕೊಟ್ಟ ಮನುಷ್ಯ ಸ್ವತಃ ಪರೀಕ್ಷೆಗೆ ಕೂತಾಗ ಹೀಗೆ ಉತ್ತರಪತ್ರಿಕೆ ಹರಿದರೆ ಏನನ್ನಬೇಕು? ಹಳ್ಳಿಯವರು ಬದಲಾಗದಿದ್ದರೆ ದುರಂತವಂತೆ, ಬದಲಾದರೆ ಹುಡುಗ ಸರಿಯಿಲ್ಲವಂತೆ! ಹಾಗಾದರೆ ಆ ಖಂಡದ ಜನ ಏನು ಮಾಡಬೇಕು? ಭಾವನ ನೋಟ್ಸು ಹಳತಾಗದಿರಲೆಂದು ಇದ್ದಲ್ಲೇ ನಿಂತಿರಬೇಕೆ?

ಸಿಂಧು ಅಂದು ನನ್ನನ್ನು ಕಾರಿನ ತನಕ ಬಿಡಲು ಬಂದಳು. "ಮಾಮ, ಅಪ್ಪ ಮನಸ್ಸಿನಿಂದ ಹೂಂ ಅನ್ನದೆ ನಾನು ಈ ಮದುವೆ ಆಗಲ್ಲ. ಬೇರೆ ಮದುವೇನೂ ಆಗಲ್ಲ" ಎಂದಳು ಇಂಗ್ಲಿಷಿನಲ್ಲಿ. ಬೆದರಿಕೆ ಹಾಕುವ ದನಿಯಲ್ಲಿ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ನಾಳೆ ಆಫೀಸಿದೆ ಎನ್ನುವಷ್ಟು ಸಪ್ಪಗೆ ಹೇಳಿದಳು.

ಅಷ್ಟರಲ್ಲಿ ಸುದ್ದಿ ಮೈಸೂರು ಮುಟ್ಟಿತು. ಭಾವನ ಅಣ್ಣ ವಿಡಿಯೋ ಕಾಲಿನಲ್ಲಿ ಪ್ರತ್ಯಕ್ಷರಾದರು. "ಏನೋ ಇದು, ಆಫ್ರಿಕಾದವನಂತೆ? ಬಿಳಿಯರೂ ಸಿಗಲಿಲ್ವೇನೋ ಅವಳಿಗೆ? ನಾಳೆ ಮಕ್ಕಳ ಬಣ್ಣ ಹೇಗಿರುತ್ತೆ ಯೋಚನೆ ಮಾಡಿದ್ದೀಯಾ?"

ಭಾವ ಗುಡುಗಿದರು ನೋಡಿ! ಗುಲಾಮರ ಹಡಗಿನಿಂದ ಆರಂಭಿಸಿ, ಮಿಷನ್ ಶಾಲೆಗಳ ಮೇಲೆ ಹಾದು, ಮೈಸೂರಿನ ಫೇರ್‌ನೆಸ್ ಕ್ರೀಮಿನಲ್ಲಿ ಬಂದಿಳಿದರು. ಅಣ್ಣ ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಖಾಲಿ ಪರದೆಗೇ ಪಾಠ ನಡೆಯಿತು. ಆಮೇಲೆ ಗೆದ್ದ ಮುಖದಲ್ಲಿ ನಮ್ಮ ಕಡೆ ತಿರುಗಿದರು.

ಅಕ್ಕ ಬೀನ್ಸ್ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ರೀ, ನಿಮ್ಮಣ್ಣ ಬಾಯಿಬಿಟ್ಟು ಹೇಳಿದ್ರು. ನೀವು ಅದನ್ನೇ ಪುಸ್ತಕದ ಮರೆಯಲ್ಲಿ ನಿಂತು ಹೇಳ್ತಿದ್ದೀರಿ. ಅಷ್ಟೇ ವ್ಯತ್ಯಾಸ."

ಭಾವ ಎದ್ದು ಗ್ಯಾರೇಜಿಗೆ ಹೋದರು. ಪುಸ್ತಕದ ಪೆಟ್ಟಿಗೆಯೊಂದನ್ನು ತೆರೆದರು, ಮುಚ್ಚಿದರು. ಮೂರನೆಯ ದಿನ ಸಿಂಧುವನ್ನು ಕರೆದು, "ಹುಡುಗನ ಮನೆಯವರು ಬರಲಿ" ಎಂದರು. ಹೂಂ ಎನ್ನಲಿಲ್ಲ. ಬರಲಿ, ಅಷ್ಟೇ.

ಅತಿಥಿಗಳಿಗೆ ಕೋಲಾ ಕಾಯಿ ಕೊಡುವುದು ಇಗ್ಬೊ ಜನರ ಮರ್ಯಾದೆ, ನಮ್ಮಲ್ಲಿ ಎಲೆಯಡಿಕೆ ಕೊಟ್ಟ ಹಾಗೆ. ಅದರ ಕಹಿಯನ್ನು ಭಾವ ಕಣ್ಣುಮುಚ್ಚಿ ವರ್ಣಿಸಿದರೆ ಹಿಂದಿನ ಬೆಂಚಿನವರೂ ಬಾಯಿ ಚಪ್ಪರಿಸುತ್ತಿದ್ದರಂತೆ. ಓಕ್‌ಲೆಂಡಿನ ಆಫ್ರಿಕಾದ ಅಂಗಡಿಗೆ ನನ್ನನ್ನೇ ಡ್ರೈವರು ಮಾಡಿಕೊಂಡು ಹೋದರು. ಹೋದ ಮೇಲೆ ತಿಳಿಯಿತು, ಮಹಾನುಭಾವರು ಆ ಕಾಯಿಯನ್ನು ಕಣ್ಣಿಂದ ಕಂಡೇ ಇಲ್ಲ! ಜಾಯಿಕಾಯಿಯ ಡಬ್ಬದ ಮುಂದೆ ಭಕ್ತಿಯಿಂದ ನಿಂತಿದ್ದವರನ್ನು ಅಂಗಡಿಯಾಕೆ ತೋಳು ಹಿಡಿದು ಫ್ರಿಜ್ಜಿನ ಕಡೆ ತಿರುಗಿಸಿದಳು. ಕಾರಿನಲ್ಲಿ ಒಂದನ್ನು ಕಚ್ಚಿ ನೋಡಿದರು. ಕ್ಯುಪರ್ಟಿನೋ ಮುಟ್ಟುವ ತನಕ ನನಗೆ ದೈವಿಕವಾದ ಶಾಂತಿ ಲಭಿಸಿತು.

ಡ್ಯಾನ್‌ವಿಲ್‌ನವರು ಬಂದರು. ಡಾಕ್ಟರದು ಕಸೂತಿಯ ನಿಲುವಂಗಿ, ಕೆಂಪು ಟೋಪಿ; ಅವರಾಕೆಯ ತಲೆಗೆ ಗೋಪುರದಂಥ ವಸ್ತ್ರ; ಎಮೆಕಾ ಅಪ್ಪನ ಬಲವಂತಕ್ಕೆ ನಿಲುವಂಗಿ ತೊಟ್ಟು ಪಾಡು ಪಡುತ್ತಿದ್ದ. ಅಕ್ಕ ತಟ್ಟೆ ತಂದಿಟ್ಟಳು. ಭಾವನ ಮುಖ ಬಿಳಿಚಿತು. ಕೋಲಾ ಕಾಯಿಯನ್ನೆಲ್ಲ ಅಡಕೊತ್ತಿನಲ್ಲಿ ನೀಟಾಗಿ ಹೋಳು ಮಾಡಿ, ವೀಳ್ಯದೆಲೆ, ಸುಣ್ಣ, ಲವಂಗದ ಜೊತೆ ಜೋಡಿಸಿದ್ದಳು!

"ಪ್ರಾರ್ಥನೆಗೆ ಮುಂಚೆ ಒಡೆಯೋದಾ! ಇಡೀ ಕಾಯಿ ಇಡಬೇಕು ಕಣೇ!"

"ನನಗೇನ್ರೀ ಗೊತ್ತು? ದೊಡ್ಡವರ ಹಲ್ಲು ಹೇಗಿದೆಯೋ ಏನೋ ಅಂತ ಹೆಚ್ಚಿದೆ."

ಸಿಂಧು ಹೆದರುತ್ತ ಇಂಗ್ಲಿಷಿನಲ್ಲಿ ವಿವರಿಸಿದಳು. ಡಾಕ್ಟರು ಸೋಫಾ ಅಲ್ಲಾಡುವ ಹಾಗೆ ನಕ್ಕರು. ನಿಲುವಂಗಿಯ ಜೇಬಿನಿಂದ ಇಡಿಯ ಕಾಯೊಂದನ್ನು ತೆಗೆದು ಭಾವನ ಅಂಗೈಯಲ್ಲಿಟ್ಟರು. "ಪ್ರೊಫೆಸರರೇ, ಮನೆ ನಿಮ್ಮದು. ಹಿರಿಯರೂ ನೀವೇ. ಹರಸಿ ಒಡೆಯಿರಿ. ಒಂದೇ ನಿಯಮ, ಇದರ ಮುಂದೆ ಇಂಗ್ಲಿಷ್ ಆಡೋ ಹಾಗಿಲ್ಲ. ನಿಮ್ಮ ಮನೆ ಮಾತಿನಲ್ಲೇ ಹೇಳಬೇಕು. ಒಂದೊಂದು ಮಾತಿಗೂ ನಾವು 'ಈಸೇ' ಅಂತೀವಿ. ಹಾಗೇ ಆಗಲಿ ಅಂತ."

ಭಾವ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. "ವಸಾಹತೋತ್ತರ ಸಂದರ್ಭದಲ್ಲಿ ಸಂಪ್ರದಾಯ ಎಂಬ ಪರಿಕಲ್ಪನೆಯು..."

"ಈಸೇ!" ಎಂದರು ಡ್ಯಾನ್‌ವಿಲ್‌ನವರು ಒಕ್ಕೊರಲಿನಿಂದ.

ಅಕ್ಕ ಹಣೆ ಚಚ್ಚಿಕೊಂಡಳು. ನಾನು ನಗು ತಡೆಯಲು ಕಿಟಕಿ ನೋಡಿದೆ. ಮುಂದಿನ ವಾಕ್ಯ ಬರಲಿಲ್ಲ. ತಿರುಗಿದರೆ, ಭಾವ ಮಗಳನ್ನು ನೋಡುತ್ತಿದ್ದರು. ಅವಳು ಸೀರೆಯ ಸೆರಗನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಕೂತಿದ್ದಳು.

"ಎಮೆಕಾ," ಎಂದರು ಭಾವ. ದನಿ ತಗ್ಗಿತ್ತು. "ಇವಳಿಗೆ ಸಿಟ್ಟು ಬಂದ್ರೆ ಊಟ ಬಿಟ್ಟು ಮಲಗ್ತಾಳೆ. ಮಲಗೋಕೆ ಬಿಡಬೇಡಪ್ಪಾ. ಎಬ್ಬಿಸಿ ಒಂದು ತುತ್ತಾದ್ರೂ ತಿನ್ನಿಸು."

"ಈಸೇ!"

"ಜ್ವರ ಬಂದ್ರೆ ಹೇಳಲ್ಲ. ನೀನೇ ಹಣೆ ಮುಟ್ಟಿ ನೋಡಬೇಕು."

"ಈಸೇ!"

"ನನಗೆ ಇವಳನ್ನ ಬಿಟ್ಟು..."

ಅಲ್ಲಿಗೆ ನಿಂತುಹೋಯಿತು. ಮಾತು ಮುಗಿಯಿತೋ ಇಲ್ಲವೋ ಎಂದು ಡ್ಯಾನ್‌ವಿಲ್‌ನವರು ಕಾದರು. ಡಾಕ್ಟರು ಮೆಲ್ಲನೆ ತಮ್ಮ ಕೆಂಪು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಕನ್ನಡದ ಒಂದಕ್ಷರ ಬಾರದ ಆ ಹುಡುಗ, ಭಾವನ ಮುಖವನ್ನೇ ನೋಡುತ್ತಿದ್ದವನು, ಒಬ್ಬನೇ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹೇಳಿದ:

"ಈಸೇ."