ಶತ್ರುವಿಲ್ಲದ ಕಾಳಗ

ಸಮುದ್ರದಲ್ಲಿ ನಡೆದ ಯಾವುದೇ ಕಾಳಗವು, ಅದರ ಚಿತ್ರ ಸಭಾಂಗಣದ ಗೋಡೆ ಏರುವ ತನಕ, ನಡೆದಿದೆ ಎಂದು ಪರಿಗಣಿಸತಕ್ಕದ್ದಲ್ಲ ಎಂಬುದು ವೆಸ್ಟರ್‌ಹೂಕ್ ಬಂದರು ಮಂಡಳಿಯ ನಿಯಮ. ಏರಿದ ಮೇಲೆ ಚಿತ್ರದಲ್ಲಿದ್ದದ್ದು ಇತ್ತು, ಇಲ್ಲದ್ದು ಇರಲಿಲ್ಲ.

ಆ ಬೇಸಿಗೆಯಲ್ಲಿ ಇಂಗ್ಲಿಷರೊಡನೆ ನಡೆದ ಕಾಳಗದ ಚಿತ್ರ ಬರೆಯುವ ಕೆಲಸ ಕಲಾವಿದ ವೈಬ್ರಾಂಡ್‌ನಿಗೆ ಸಿಕ್ಕಿತು. ಅವನು ಸಣ್ಣ ದೋಣಿಯಲ್ಲಿ ಕೂತು, ಫಿರಂಗಿಗಳ ಹೊಗೆ ಕುಡಿಯುತ್ತ, ಪ್ರತಿ ಹಡಗನ್ನೂ ಕಣ್ಣಾರೆ ಕಂಡು ಗೆರೆ ಹಾಕಿಕೊಂಡು ಬಂದಿದ್ದ. ಅದೇ ಕಾಳಗದಲ್ಲಿ ಅವನ ತಂಗಿ ಟ್ರೈನ್ಚೆಯ ಗಂಡ, ಫಿರಂಗಿ ಹಾರಿಸುವ ಸಿವರ್ಟ್, ಎಡಗಾಲನ್ನು ಸಮುದ್ರಕ್ಕೆ ಕೊಟ್ಟು ಬಂದಿದ್ದ. ಶತ್ರುವಿನ ಗುಂಡಿಗೆ ಅಂಗ ಕಳೆದುಕೊಂಡವರಿಗೆ ಮಂಡಳಿಯ ಆಶ್ರಮದಲ್ಲಿ ಹೆಂಡತಿಸಮೇತ ಒಂದು ಕೋಣೆ, ದಿನಾ ಬಟಾಣಿ ಸಾರು ಉಂಟು. ಅದು ಸಿಗದಿದ್ದರೆ ಚಳಿಗಾಲಕ್ಕೆ ಇಬ್ಬರೂ ಬೀದಿಪಾಲು.

"ಆ ಇಂಗ್ಲಿಷ್ ಹಡಗನ್ನ ದೊಡ್ಡದಾಗೇ ಬರಿ ಅಣ್ಣ," ಎಂದಳು ಟ್ರೈನ್ಚೆ. "ನಿನ್ನ ಭಾವನ ಕಾಲು ತಿಂದಿದ್ದು ಅದೇ ತಾನೆ."

ವೈಬ್ರಾಂಡ್ ದೊಡ್ಡದಾಗೇ ಬರೆದ. ಅಷ್ಟರಲ್ಲಿ ಮಂಡಳಿಯ ಅಧ್ಯಕ್ಷ ಹಿಲ್ಲೆಬ್ರಾಂಡ್ ಮಹಾಶಯರು ಚಿತ್ರದ ಪರಿಶೀಲನೆಗೆ ದಯಮಾಡಿಸಿದರು.

"ನಮ್ಮ ಅಳಿಯನ ಹಡಗೆಲ್ಲಯ್ಯ?"

"ಅದು ಅವತ್ತು ರಿಪೇರಿಗೆ ನಿಂತಿತ್ತಲ್ಲ, ಸ್ವಾಮಿ."

"ಹಡಗು ನಿಂತಿತ್ತು. ಮನಸ್ಸೆಲ್ಲ ಕಾಳಗದಲ್ಲೇ ಇತ್ತು. ಅದಕ್ಕೊಂದು ಜಾಗ ಮಾಡು."

"ಜಾಗವೇ ಇಲ್ಲ."

"ಮತ್ತೆ ಇಷ್ಟಗಲ ಕೂತಿರೋದು ಯಾರು?"

"ಇಂಗ್ಲಿಷರು."

"ಅವರೇನು ಚಿತ್ರಕ್ಕೆ ಚಂದಾ ಕೊಟ್ಟಿದ್ದಾರಾ?"

ಚಂದಾ ಕೊಡದ ಹಡಗುಗಳಿಗೆ ಚಿತ್ರದಲ್ಲಿ ಸ್ಥಳಾವಕಾಶವಿರತಕ್ಕದ್ದಲ್ಲ ಎಂದು ಮರುದಿನವೇ ನಿರ್ಣಯವಾಯಿತು. ಗಿಣ್ಣು ವ್ಯಾಪಾರಿಯ ಹಡಗು ಬಂತು, ಒಂದು ಇಂಗ್ಲಿಷ್ ಹಡಗು ಹೋಯಿತು. ನಾವಿಕರಿಗೆ ಹುಳ ಹಿಡಿದ ರೊಟ್ಟಿ ಒದಗಿಸಿ ಕೊಬ್ಬಿದ ಗುತ್ತಿಗೆದಾರ ಬಂದಾಗ ಉಳಿದಿದ್ದದ್ದು ಸಿವರ್ಟ್‌ನ ಕಾಲು ತಿಂದ ಹಡಗೊಂದೇ. ವೈಬ್ರಾಂಡ್ ಕುಂಚ ಕೆಳಗಿಟ್ಟ. ಅವನು ಸತ್ಯಕ್ಕಾಗಿ ಪ್ರಾಣ ಕೊಡುವ ಕಲಾವಿದ. ಆದರೆ ಅವನ ಪ್ರಾಣವನ್ನು ಯಾರೂ ಕೇಳಲಿಲ್ಲ. ಮುಂದಿನ ಕಾಳಗವೂ ನಿನಗೇ ಎಂದರು, ಅಷ್ಟೆ. ಅವನು ಕುಂಚ ಎತ್ತಿಕೊಂಡ. ನಾಚಿಕೆಗೆಂದು ಹೊಗೆಯ ನಡುವೆ ಶತ್ರುವಿನ ಬಾವುಟದ ತುದಿಯೊಂದನ್ನು ಕೆಂಪಗೆ ಉಳಿಸಿದ.

ಚಿತ್ರ ಗೋಡೆ ಏರಿತು. ಅದರ ಕೆಳಗೇ ಸಿವರ್ಟ್‌ನ ಅರ್ಜಿಯ ವಿಚಾರಣೆ ನಡೆಯಿತು.

"ನಿನ್ನ ಕಾಲು ತೆಗೆದ ಶತ್ರುವನ್ನು ತೋರಿಸು," ಎಂದರು ಅಧ್ಯಕ್ಷರು.

ಸಿವರ್ಟ್ ಊರುಗೋಲು ಊರಿಕೊಂಡು ಚಿತ್ರದ ಈ ತುದಿಯಿಂದ ಆ ತುದಿಗೆ ಹೋದ. ಎಲ್ಲೆಲ್ಲೂ ನಮ್ಮವರೇ ವೀರಾವೇಶದಿಂದ ಗುಂಡು ಹಾರಿಸುತ್ತಿದ್ದರು. ಕೊನೆಗೆ ಕೂಗಿದ: "ಇಗೋ! ಅವನ ಬಾವುಟ!"

"ಬರೆದವನೇ ಹೇಳಲಿ."

ವೈಬ್ರಾಂಡ್ ಭಾವನ ಮುಖ ನೋಡಲಿಲ್ಲ. "ಅದು ಕಡಲಹಕ್ಕಿ, ಸ್ವಾಮಿ," ಎಂದ. ಥೂ!

"ಕೆಂಪು ಹಕ್ಕಿಯೇನೋ ಅಣ್ಣ?" ಎಂದಳು ಟ್ರೈನ್ಚೆ.

"ಸಂಜೆಬಿಸಿಲು ಬಿದ್ದಿದೆ."

ಶತ್ರು ಇರಲಿಲ್ಲವಾದ್ದರಿಂದ ಗುಂಡು ನಮ್ಮದೇ. ಸರ್ಕಾರಿ ಗುಂಡಿನ ಸಂಚಾರಕ್ಕೆ ಅರ್ಜಿದಾರನ ಕಾಲು ಅಡ್ಡಿಪಡಿಸಿದ್ದು ಶಿಕ್ಷಾರ್ಹ ಎಂದು ಮಂಡಳಿ ಕಂಡುಕೊಂಡಿತು. ಆದರೂ ಅದು ಕರುಣಾಮಯಿ. ಹುಟ್ಟಿನಿಂದಲೇ ಒಂಟಿಗಾಲಿನವರಿಗೂ ಆಶ್ರಮದಲ್ಲಿ ಕೋಣೆಯುಂಟು, ಯಾರಾದರೂ ಸಾಕ್ಷಿ ಹೇಳಿದರೆ ಸಾಕು ಎಂದರು ಅಧ್ಯಕ್ಷರು.

ಸಿವರ್ಟ್ ಬಾಯಿ ತೆರೆದ. ಟ್ರೈನ್ಚೆ ಅವನ ಕೈ ಅದುಮಿದಳು. ಕಿಟಕಿಯಾಚೆ ಕಾಲುವೆಯ ಅಂಚು ಆಗಲೇ ಹೆಪ್ಪುಗಟ್ಟುತ್ತಿತ್ತು.

"ಹೌದು ಸ್ವಾಮಿ," ಎಂದಳು. "ಮದುವೆಯಲ್ಲೂ ಒಂದೇ ಕಾಲಲ್ಲಿ ಕುಣಿದಿದ್ರು."

ಸಭೆ ಚಪ್ಪಾಳೆ ತಟ್ಟಿತು. ಪಾದ್ರಿಗಳು ದೇವರನ್ನು ಸ್ತುತಿಸಿದರು.

ಮುಂದಿನ ಕಾಳಗದ ಚಂದಾ ಬೇಗನೆ ತುಂಬಿತು. ಯುದ್ಧ ಸಾರುವುದೊಂದು ಬಾಕಿ ಇತ್ತು. ಆ ಸಂತೋಷಕ್ಕೆ ವೈಬ್ರಾಂಡ್ ಹೆರಿಂಗ್ ಮೀನು ಕಟ್ಟಿಸಿಕೊಂಡು ಆಶ್ರಮಕ್ಕೆ ಹೋದ. ಟ್ರೈನ್ಚೆ ಸಾರು ಬಡಿಸಿದಳು. ಸಿವರ್ಟ್ ಮಂಡಿಯ ಮೊಂಡನ್ನು ತಿಕ್ಕಿಕೊಳ್ಳುತ್ತ ಕೂತಿದ್ದ.

"ಚಳಿಗೆ ಕಾಲು ನೋಯ್ತಿದೆಯಾ ಭಾವ?"

ಸಿವರ್ಟ್ ತಲೆ ಎತ್ತಿ ಅವನನ್ನೇ ನೋಡಿದ.

"ಯಾವ ಕಾಲಪ್ಪ?"