ಮಾವನ ಕೊಬ್ಬು ಕರಗಿಸುವ ಸೂಜಿ

ದೇವದುರ್ಗದಲ್ಲಿರುವ ನನ್ನ ಸೋದರಮಾವನನ್ನು ಹೆದರಿಸಲು ಪೊಲೀಸರು ಬೇಡ, ಹಾವು ಬೇಡ, ದೆವ್ವವಂತೂ ಬೇಡವೇ ಬೇಡ. ಒಂದು ಸೂಜಿ ಸಾಕು! ಅತ್ತೆ ಅಂಗಿಗೆ ಗುಂಡಿ ಹಚ್ಚಲು ಸೂಜಿ ಹಿಡಿದು ಕುಳಿತರೂ ಆತ ಬಾಗಿಲಾಚೆ ನಿಂತೇ ಮಾತಾಡುತ್ತಿದ್ದ.

ಒಮ್ಮೆ ಲಸಿಕೆ ಹಾಕುವ ನರ್ಸಮ್ಮ ಬಜಾರಿಗೆ ಬಂದಾಗ, ಮಾವ ತನ್ನ ಕಿರಾಣಿ ಅಂಗಡಿಯ ಶೇಂಗಾ ಚೀಲಗಳ ಹಿಂದೆ ಅಡಗಿದ. ಅಡಗಿದ್ದು ಮಾವ ಮಾತ್ರ. ಹೊಟ್ಟೆ ಹೊರಗೇ ಉಳಿದಿತ್ತು. "ಅಣ್ಣಾರೆ, ಅರ್ಧ ಕಾಣಾಕತ್ತೀರಿ, ಉಳಿದರ್ಧನೂ ಹೊರಗ ಬರ್ರಿ" ಎಂದಳಂತೆ ಆಕೆ.

ಇಂಥ ಮನುಷ್ಯ ಒಂದು ದಿನ ರಾಯಚೂರಿನ ನಮ್ಮ ಮನೆಗೆ ತೋಳು ತಿಕ್ಕಿಕೊಳ್ಳುತ್ತ ಬಂದು, "ಸೂಜಿ ಮಾಡಿಸ್ಕೊಂಡು ಬಂದೆ" ಎಂದರೆ ನಂಬುವುದು ಹೇಗೆ? ಅದೂ ತಾನಾಗಿಯೇ ಹೋಗಿ!

ಅವ್ವ ಆಗ ಹಾಸಿಗೆ ಹಿಡಿದಿದ್ದಳು. ಲಿವರ್ ಕೆಟ್ಟು ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು, ಕಾಲು ಬಾತಿತ್ತು. ಹೈದರಾಬಾದಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಬೇರೆ ಲಿವರ್ ಸಿಕ್ಕೀತೇ ಎಂದು ಕಾಯುತ್ತಿದ್ದೆವು. ಆ ಮನೆಯಲ್ಲಿ ನಗು ಬರುತ್ತಿದ್ದುದು ಮಾವ ಬಂದಾಗ ಮಾತ್ರ.

"ಯಾತರ ಸೂಜಿಲೇ ತಮ್ಮಾ?" ಎಂದಳು ಅವ್ವ.

"ಕೊಬ್ಬು ಕರಗಸೋ ಸೂಜಿ, ಯಕ್ಕಾ. ಬರೇ ವಿಟಮಿನ್ ಅಂತ. ಒಳಗ ಹೋಗಿ, ಲಿವರ್ನಾಗ ಕುಂತ ಕೊಬ್ಬನ್ನ ಏಳು ಏಳು ಅಂತ ಎಬ್ಬಿಸಿ ಹೊರಗ ಹಾಕತದಂತ."

"ನಿನ್ನ ಕೊಬ್ಬು ಸೂಜಿಗೆ ಏಳಂಗಿಲ್ಲೋ, ಜೆಸಿಬಿ ತರಿಸು!"

ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವನೂ ನಕ್ಕ.

ಅಂದಿನಿಂದ ವಾರಕ್ಕೊಮ್ಮೆ ದೇವದುರ್ಗದ ಬಸ್ಸು ಮಾವನನ್ನು ತಂದು ಇಳಿಸತೊಡಗಿತು. ಒಂದು ಸಲ ನಾನೂ ಜೊತೆಗೆ ಹೋದೆ. ಗಾಜಿನ ಬಾಗಿಲಿನ ಕ್ಲಿನಿಕ್ಕು, ಗೋಡೆಯ ತುಂಬ ತೆಳ್ಳಗಿನವರ ಚಿತ್ರ. ಮಾವ ಕಣ್ಣು ಬಿಗಿಯಾಗಿ ಮುಚ್ಚಿ, ನನ್ನ ಕೈ ಹಿಡಿದು, ಹೊರಗೆ ಹೋಗುವ ಆಟೋಗಳೂ ನಿಲ್ಲುವಂತೆ "ಯವ್ವಾ!" ಎಂದು ಕೂಗಿದ.

"ಇನ್ನೂ ಚುಚ್ಚಿಲ್ಲರೀ ಯಜಮಾನ್ರೆ, ಬರೇ ಸ್ಪಿರಿಟ್ ಹಚ್ಚಿನಿ" ಎಂದಳು ಸೂಜಿ ಹಿಡಿದ ಹುಡುಗಿ.

ಸೂಜಿ ಮುಗಿದದ್ದೇ ತಡ, ಮಾವ ನೆಟ್ಟಗೆ ಹೋಗಿ ನಿಂತಿದ್ದು ಮಿರ್ಚಿ ಭಜಿ ಗಾಡಿಯ ಮುಂದೆ! "ಮಾಮಾ, ಕೊಬ್ಬು!" ಎಂದು ನಾನು ಅಂಗಿ ಜಗ್ಗಿದರೆ, ಬಾಯಲ್ಲಿ ಬಿಸಿ ಮಿರ್ಚಿ ಹೊರಳಿಸುತ್ತ ಏನಂದ ಗೊತ್ತೇ? "ಸೂಜಿ ಒಳಗ ಸುಮ್ನ ಕುಂತ್ರ ಹೆಂಗ? ಕರಗಸಾಕ ಅದಕ್ಕ ಏನರೆ ಕೆಲಸ ಬೇಕಲ್ಲ!"

ಮರುದಿನ ಬೆಳಗ್ಗೆ ನಮ್ಮ ಬಚ್ಚಲಿನಿಂದ ಜಯಘೋಷ ಕೇಳಿಸಿತು. "ಹೊಂಟದ! ಕೊಬ್ಬು ಹೊಂಟದ! ಹಳದಿ ಅಂದ್ರ ಹಳದಿ!" ಎದೆ ಉಬ್ಬಿಸಿ ಹೊರಬಂದ ಮಾವನಿಗೆ, ಅವ್ವನನ್ನು ನೋಡಲು ಬಂದಿದ್ದ ನಮ್ಮ ಗಲ್ಲಿಯ ವೈದ್ಯರು ಎದುರಾದರು. ಸಾಕ್ಷಿ ಸಮೇತ ಎಲ್ಲವನ್ನೂ ವಿವರಿಸಿದ. ಅವರು ನಗು ತಡೆದು ಹೇಳಿದರು: "ಅದು ಕೊಬ್ಬಲ್ಲರೀ. ಮೈಗೆ ಬ್ಯಾಡಾದ ವಿಟಮಿನ್ ಮೂತ್ರದಾಗ ಹಂಗ ಹೊರಗ ಹೋಗಾಕತ್ತದ. ಈ ಸೂಜಿಲೆ ತೂಕ ಇಳೀತದ ಅಂತ ನಂಬಿ ಕೂಡಬ್ಯಾಡ್ರಿ. ಬಾಯಿ ಕಟ್ರಿ, ದಿನಾ ನಡೀರಿ."

"ನಡದ್ರ ಎಷ್ಟು ದಿನದಾಗ ಕರಗತದ್ರಿ?"

"ದಿನದ ಮಾತಲ್ಲ, ತಿಂಗಳುಗಳೇ ಬೇಕು."

ಮಾವ ಅವ್ವ ಮಲಗಿದ್ದ ಕೋಣೆಯ ಕಡೆ ನೋಡಿದ. ಮುಖ ಒಮ್ಮೆಲೇ ಕಪ್ಪಿಟ್ಟಿತು. ಅಯ್ಯೋ ಪಾಪ, ಮಿರ್ಚಿ ಬಿಡಬೇಕಲ್ಲ ಎಂಬ ಸಂಕಟ ಎಂದುಕೊಂಡೆ. ಬೇರೆ ಏನೆಂದು ತಿಳಿಯಲು ನನಗೆ ದಾರಿಯಾದರೂ ಎಲ್ಲಿತ್ತು?

ಆಮೇಲೆ ಮಾವ ನಡೆಯತೊಡಗಿದ. ನಡಿಗೆಯೆಂದರೆ ಅಂತಿಂಥ ನಡಿಗೆಯಲ್ಲ! ದೇವದುರ್ಗದ ನಾಯಿಗಳು ಮೊದಮೊದಲು ಬೊಗಳಿ, ಆಮೇಲೆ ಬೆನ್ನಟ್ಟಿ, ಕಡೆಗೆ ಸುಸ್ತಾಗಿ ಬಿಟ್ಟುಬಿಟ್ಟವಂತೆ. ಮಾನ್ವಿಯಲ್ಲಿ ನೆಂಟರ ಮದುವೆಯಾದಾಗ, ಎಲೆಗೆ ಬಿದ್ದ ಹೋಳಿಗೆಯನ್ನು ಮಾವ ಪಕ್ಕದವರ ಎಲೆಗೆ ದಾಟಿಸಿದ. ಪಂಕ್ತಿಯೇ ಸ್ತಬ್ಧವಾಯಿತು! ಸಡಿಲಾದ ಅಂಗಿ, ಒಳಗೆ ಹೋದ ಗಲ್ಲ ನೋಡಿ ಒಬ್ಬ ಹಿರಿಯರು, "ಏನಪಾ, ಎರಡನೇ ಲಗ್ನದ ವಿಚಾರ ಅದ ಏನು?" ಎಂದರು.

ಮಾವ ಬಾಯಿ ತೆರೆಯುವ ಮೊದಲೇ ಅತ್ತೆ ಅಂದಳು: "ಮಾಡ್ಕೊಳ್ಲಿ ಬಿಡ್ರಿ. ಬರೋವಾಕಿ ಗೊರಕಿನೂ ಜೊತಿಗಿ ಒಯ್ದ್ರ ಸಾಕು."

ಆ ನಗುವನ್ನೆಲ್ಲ ಅವ್ವನಿಗೆ ತಂದು ಹೇಳಿದೆ. ನಗಲು ಹೋಗಿ ಕೆಮ್ಮಿದಳು. ಮುಂದೆ ಬಹಳ ದಿನ ಉಳಿಯಲಿಲ್ಲ. ಹೈದರಾಬಾದಿನಿಂದ ಕರೆ ಬರಲೇ ಇಲ್ಲ.

ದಿನಕರ್ಮ ಮುಗಿದ ಮೇಲೆ, ಮನೆಯಲ್ಲಿ ನಾನೂ ಮಾವನೂ ಉಳಿದಿದ್ದಾಗ, ನಾಲ್ಕು ಮಿರ್ಚಿ ಕರಿದು ತಂದಿಟ್ಟೆ. "ಇನ್ನರೆ ತಿನ್ನು ಮಾಮಾ. ತೆಳ್ಳಗಾಗಿದ್ದು ಸಾಕು."

ಆತ ತಟ್ಟೆಯನ್ನು ಸುಮ್ಮನೆ ತಿರುಗಿಸುತ್ತ ಕುಳಿತ. "ಇನ್ನೊಂದೀಟು ಇಳದ್ರ ತಗೋತೀವಿ ಅಂದಿದ್ರು" ಎಂದ.

"ಏನು ತಗೋತಿದ್ರು? ಯಾರು?"

"ಹೈದರಾಬಾದಿನವ್ರು. ನನ್ನ ಲಿವರ್‌ದಾಗಿನ ತುಂಡು."

ನನ್ನ ರಕ್ತದ ಗುಂಪು ಅವ್ವನಿಗೆ ಹೊಂದುವುದಿಲ್ಲ ಎಂದು ತಿಳಿದ ವಾರವೇ, ಅಂಗಡಿಗೆ ಮಾಲು ತರುತ್ತೇನೆಂದು ಹೇಳಿ ಮಾವ ಹೈದರಾಬಾದಿಗೆ ಹೋಗಿದ್ದನಂತೆ. ಆತನ ರಕ್ತ ಹೊಂದಿತ್ತು. ಆದರೆ ಲಿವರ್ ತುಂಬ ಕೊಬ್ಬು. ಇಳಿಸಿಕೊಂಡು ಬನ್ನಿ ಎಂದು ಕಳಿಸಿದ್ದರು.

"ಇಲ್ಲಿ ಬಂದು ಬಸ್ಸಿಳದಾಗ ಆ ಕ್ಲಿನಿಕ್ಕಿನ ಬೋರ್ಡು ಕಾಣಿಸ್ತು. ಲಿವರ್ ಕೊಬ್ಬು ಕರಗಸ್ತೀವಿ ಅಂತ ಬರದಿದ್ರು. ಸೂಜಿ ಅದ ಅಂತ ನಂಬಿ ತಿಂದ್ಕೊಂತ ಕುಂತೆ. ಮೊದಲೇ ನಡದಿದ್ರ..." ತಟ್ಟೆಯನ್ನು ನನ್ನ ಕಡೆಗೆ ಸರಿಸಿದ.

ಮೊದಲೇ ನಡೆದಿದ್ದರೆ ಅವ್ವ ಉಳಿಯುತ್ತಿದ್ದಳೇ? ಯಾರು ಹೇಳಬಲ್ಲರು?

"ಅವ್ವಗ ಯಾಕ ಹೇಳಲಿಲ್ಲ ಮಾಮಾ?"

"ಹೇಳಿದ್ರ ಬ್ಯಾಡ ಅಂತಿದ್ಲು. ತಮ್ಮನ ಹೊಟ್ಟಿ ಕೊಯ್ಸಿ ಬದುಕಾಕಿ ಅಲ್ಲ ಆಕಿ. ನನ್ನ ನೋಡಿ ನಗ್ತಿದ್ಲಲ್ಲ, ನಗಲಿ ಅಂತ ಬಿಟ್ಟೆ."

ಅವ್ವ ಹೋಗಿ ವರ್ಷವಾಯಿತು. ಮೊನ್ನೆ ದೇವದುರ್ಗಕ್ಕೆ ಹೋದಾಗ, ಬೆಳಗಿನ ಬಿಸಿಲಲ್ಲಿ ಮಾವ ಬೆವರಿಳಿಸುತ್ತ ಬಿರಬಿರನೆ ಬರುತ್ತಿದ್ದ. ಮುಖ ಸೊರಗಿ, ಗುರುತೇ ಸಿಗದಂತಾಗಿದ್ದ.

"ಈಗ್ಯಾಕ ಇಷ್ಟು ಕಷ್ಟಪಡ್ತಿ ಮಾಮಾ? ಯಾರ ಸಲುವಾಗಿ?" ಎಂದೆ.

ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, ಇದೇನು ದಡ್ಡ ಪ್ರಶ್ನೆ ಎಂಬಂತೆ ನೋಡಿದ.

"ನಂದು ಯಾರಿಗಾದ್ರೂ ಹೊಂದೋ ರಕ್ತ ಅಂತ ಡಾಕ್ಟರ್ ಹೇಳ್ಯಾರ. ನೀ ಆಕಿ ಮಗಳು. ದೇವ್ರು ತರಬಾರ್ದು, ನಾಳೆ ನಿನಗೇನರೆ ಬೇಕಾತಂದ್ರ, ನಿನ್ನೂ ಕಾಯಸಲೇನು?"