ಲಿಗೋರಿ ಪೊರ್ಬುಗಳ ಒಂದೇ ಸ್ವರ

"ಬೇಸ್ ಗಿಟಾರ್ ಅಂದ್ರೆ ಲಿಗೋರಿ ಪೊರ್ಬುಗಳು ಮಾರಾಯ. ಉಳಿದವರೆಲ್ಲ ಆ ನಾಲ್ಕು ತಂತಿಯಲ್ಲಿ ಬಟ್ಟೆ ಒಣಗಿಸುವವರು!" ಎಂದು ಹನೀಫಾಕ ಸ್ಕ್ರೂಡ್ರೈವರನ್ನು ಗಾಳಿಯಲ್ಲಿ ಬೀಸಿ ತೀರ್ಪು ಕೊಟ್ಟುಬಿಟ್ಟರು.

ಮೂಡಬಿದಿರೆಯ ಬಸ್ ನಿಲ್ದಾಣದ ಹಿಂದೆ ಹನೀಫಾಕನ ಸೌಂಡ್ಸ್ ಅಂಗಡಿ. ಬೆಳಗಿನ ಚಹಾದ ಹೊತ್ತಿಗೆ ಅಲ್ಲಿ ಇಂಥ ತೀರ್ಪುಗಳು ದಿನಾ ಬೀಳುತ್ತವೆ. ಅಂದಿನದು ನೇರ ಜಯೇಶನ ತಲೆಯ ಮೇಲೆ ಬಿತ್ತು. ಯಾಕೆಂದರೆ ಅವನೂ ಬೇಸ್ ಗಿಟಾರಿನವನೇ. ಶಿವಸುಬ್ರಹ್ಮಣ್ಯ ಭಟ್ಟರ ರಸಮಂಜರಿ ತಂಡದಲ್ಲಿ ಡ್ರಮ್ಮಿನ ಪಕ್ಕ, ಫೋಟೋದಲ್ಲಿ ಅರ್ಧ ಮುಖ ಮಾತ್ರ ಬರುವ ಜಾಗದಲ್ಲಿ ನಿಲ್ಲುವವನು. ಈಚೆಗೆ ಆ ಅರ್ಧ ಜಾಗವೂ ಅಲುಗಾಡುತ್ತಿತ್ತು. "ಬೇಸಿಗೆ ಅಂತ ಬೇರೆ ಜನ ಯಾಕೆ? ಕೀಬೋರ್ಡಿನ ಶ್ರೀಪ್ರಿಯಾಳ ಎಡಗೈ ಖಾಲಿ ಉಂಟಲ್ಲ" ಎಂದು ಭಟ್ಟರು ಹೋದ ವಾರವೇ ಅಂದಿದ್ದರು. ಇವತ್ತು ಮಧ್ಯಾಹ್ನ ಗುರುವಾಯನಕೆರೆಯಲ್ಲಿ ಸಂಘವೊಂದರ ವಾರ್ಷಿಕೋತ್ಸವ. ಅಲ್ಲಿ ಜಯೇಶ ತನ್ನ ಕೈ ಏನೆಂದು ತೋರಿಸಬೇಕು. ತೋರಿಸದಿದ್ದರೆ ಶ್ರೀಪ್ರಿಯಾಳ ಎಡಗೈ.

"ಹೆಸರಿನ ಮಾತು ಬಿಡಿ ಹನೀಫಾಕ," ಎಂದ ಜಯೇಶ. "ಪುತ್ತಿಗೆಯ ರಮೀಝನಿಗೂ ಹೆಸರುಂಟು. ಅದು ಅವನ ಕೂದಲಿಗೆ ಬಂದ ಹೆಸರು, ಕೈಗಲ್ಲ."

"ಅದು ನಾನೂ ಒಪ್ತೇನೆ."

"ಕಾರ್ಕಳದ ಸಮ್ಮೇದ್? ಕಣ್ಣು ಮುಚ್ಚಿಕೊಂಡು ಬಾರಿಸ್ತಾನೆ, ಜನ ಅದನ್ನು ತಪಸ್ಸು ಅಂತ ತಿಳೀತಾರೆ. ಅವನಿಗೆ ನಿದ್ದೆ."

"ಅದೂ ಸರಿ. ಆದ್ರೆ ಪೊರ್ಬುಗಳ ಸುದ್ದಿಗೆ ಹೋಗ್ಬೇಡ."

ಊರಿನ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳೇ ಎಂದು ಕರೆಯುವುದು ನಮ್ಮಲ್ಲಿ ಮರ್ಯಾದೆ. ಬಂಟ್ವಾಳದ ಲಿಗೋರಿ ಪೊರ್ಬುಗಳಿಗೆ ಆ ಮರ್ಯಾದೆ ದುಪ್ಪಟ್ಟು ಸಿಗುತ್ತಿತ್ತು. ಅವರು ಇಡೀ ಹಾಡಿಗೆ ಒಂದೇ ಸ್ವರ ಬಾರಿಸುತ್ತಿದ್ದರಂತೆ. ಅದು ಕಿವಿಗೆ ಕೇಳುತ್ತಿರಲಿಲ್ಲವಂತೆ, ಎದೆಗೂಡಿನೊಳಗೆ ಯಾರೋ ಬಾಗಿಲು ತಟ್ಟಿದ ಹಾಗೆ ತಿಳಿಯುತ್ತಿತ್ತಂತೆ. ಈ ಅಂತೆಗಳನ್ನು ಕೇಳಿ ಕೇಳಿ ಜಯೇಶನಿಗೆ ಅಜೀರ್ಣವಾಗಿತ್ತು.

"ಹೋಗ್ತೇನೆ," ಎಂದ. "ಒಂದೇ ಸ್ವರ ಬಾರಿಸ್ಲಿಕ್ಕೆ ಮನುಷ್ಯ ಯಾಕೆ? ಫ್ರಿಜ್ ಸಾಕು. ನಿಮ್ಮ ಲಿಗೋರಿ ಪೊರ್ಬುಗಳು ಬರೀ ಹೆಸರು!"

"ಧೂಂ" ಎಂದಿತು ಮೂಲೆಯ ಸ್ಪೀಕರು.

ಚಹಾದ ಗ್ಲಾಸುಗಳು ಮೇಜಿನ ಮೇಲೆ ಹಲ್ಲು ಕಡಿದ ಹಾಗೆ ನಡುಗಿದವು. ಜಯೇಶ ತಟ್ಟನೆ ಮೂಲೆಯ ಕಡೆಗೆ ತಿರುಗಿದ.

"ಎಂತ ಹನೀಫಾಕ, ಪ್ಲಗ್ ಹಾಕಿಟ್ಟಿದ್ದೀರಾ?"

ಹನೀಫಾಕ ಎಡಗೈ ಮೇಲೆತ್ತಿ ತೋರಿಸಿದರು. ಸ್ಪೀಕರಿನ ಪ್ಲಗ್ಗು ಅವರ ಕೈಯಲ್ಲೇ ಇತ್ತು, ತಂತಿ ಕಿತ್ತ ಸ್ಥಿತಿಯಲ್ಲಿ.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಭಟ್ಟರು ಎಲ್ಲ ಕೇಳಿಸಿಕೊಂಡಿದ್ದರು. "ಮೇಲೆ ಹೋದವರ ಬಗ್ಗೆ ಹಾಗೆಲ್ಲ ಮಾತಾಡ್ಬಾರ್ದು ಜಯೇಶ," ಎಂದರು ತಗ್ಗಿದ ದನಿಯಲ್ಲಿ.

"ಮೇಲೆ ಹೋಗಿದ್ದಾರಾ?"

"ಆಗಿ ಎಂಟು ವರ್ಷ ಆಯ್ತು. ಬೆಳ್ತಂಗಡಿಯ ಡ್ರಮ್ಮಿನ ರಿಝ್ವಾನ್ ಫೋನ್ ಮಾಡಿ, ಭಟ್ರೇ, ಪೊರ್ಬುಗಳು ಮೇಲೆ ಹೋದ್ರು ಅಂದ. ನಾವು ಆ ವರ್ಷ ಶ್ರದ್ಧಾಂಜಲಿ ರಸಮಂಜರಿಯೇ ಮಾಡಿದ್ದೇವೆ. ಫೋಟೋಕ್ಕೆ ಮಲ್ಲಿಗೆ ಹಾರ ಹಾಕಿ ನಾನೇ ಮಾತಾಡಿದ್ದು."

ಜಯೇಶ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಆಮೇಲೆ ಅದು ಭಟ್ಟರ ಚಹಾ ಎಂದು ತಿಳಿದು, ಗ್ಲಾಸನ್ನು ಅವರ ಮುಂದಿಟ್ಟ.

ಹನೀಫಾಕನ ಗಾಡಿ ವೇಣೂರಿನ ದಾರಿ ಹಿಡಿದಾಗ ಬಿಸಿಲು ಏರಿತ್ತು. ಹಿಂದಿನ ಸೀಟಿನಲ್ಲಿ ಜಯೇಶ, ಮಡಿಲಲ್ಲಿ ಗಿಟಾರಿನ ಚೀಲ. ಆಚೆ ಕಿಟಕಿಗೆ ಶ್ರೀಪ್ರಿಯಾ, ನಡುವಿನ ಸೀಟು ಖಾಲಿ, ಮುಂದೆ ಭಟ್ಟರು. ಸ್ವಲ್ಪ ದೂರ ಹೋದ ಮೇಲೆ ಅವಳು ಕಿವಿ ಚುರುಕು ಮಾಡಿದಳು.

"ಜಯೇಶಣ್ಣ, ನಿಮ್ಮ ಚೀಲ ಗೊರಕೆ ಹೊಡೀತಾ ಉಂಟು."

"ಎಂಜಿನ್ನಿನ ಶಬ್ದ ಅದು."

ಹನೀಫಾಕ ಅದನ್ನು ಕೇಳಿ, ರಸ್ತೆ ಬದಿಗೆ ನಿಲ್ಲಿಸಿ, ಕೀಲಿ ತಿರುಗಿಸಿದರು. ಎಂಜಿನ್ ಸತ್ತಿತು. ಎಲೆಯೂ ಅಲುಗದ ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಚೀಲ ಮಾತ್ರ ಇನ್ನೊಂದು ಉಸಿರಿನಷ್ಟು ಹೊತ್ತು ಗುಂಯ್‌ಗುಟ್ಟಿ, ತನ್ನನ್ನೇ ಎಲ್ಲರೂ ನೋಡುತ್ತಿದ್ದಾರೆ ಎಂದು ಗೊತ್ತಾದ ಹಾಗೆ ಸುಮ್ಮನಾಯಿತು.

ಜಯೇಶ ಚೀಲವನ್ನು ಮಡಿಲಿನಿಂದ ಎತ್ತಿ, ಮಗು ಒದ್ದೆ ಮಾಡಿದರೆ ಎತ್ತುವ ಹಾಗೆ, ದೂರ ಹಿಡಿದ.

"ತಪ್ಪು ಕಾಣಿಕೆ ಇಟ್ಟುಬಿಡಿ," ಎಂದಳು ಶ್ರೀಪ್ರಿಯಾ. "ಕೈ ಮುಗಿದು, ಬಾಯಿ ತಪ್ಪಿ ಹೇಳಿದೆ ಅನ್ನಿ. ಇಲ್ಲದಿದ್ರೆ ಸ್ಟೇಜಿನಲ್ಲಿ ನಿಮ್ಮ ಬೆರಳು ಓಡುವುದಿಲ್ಲ. ಆಮೇಲೆ ನನ್ನ ಎಡಗೈಗೆ ಬಯ್ಯಬೇಡಿ."

"ಅವರಿಗೆ ಎಂತ ಇಡುವುದು? ತೆಂಗಿನಕಾಯಿಯಾ?"

"ತೆಂಗಿನಕಾಯಿ ಎಂತಕ್ಕೆ?" ಎಂದರು ಹನೀಫಾಕ. "ಪೊರ್ಬುಗಳಿಗೆ ಸನ್ನ ಮತ್ತು ಹಂದಿ ಮಾಂಸದ ಬಫಾತ್ ಅಂದ್ರೆ ಜೀವ."

ಹನೀಫಾಕನಿಗೆ ತಾನೇನು ಹೇಳಿದೆನೆಂದು ಆಗ ಹೊಳೆದು, ಮತ್ತೆ ಗಾಡಿ ಚಾಲೂ ಮಾಡಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ರಸ್ತೆಯನ್ನೇ ನೋಡತೊಡಗಿದರು. ಭಟ್ಟರು ಹೊರಗಿನ ಬೋರ್ಡುಗಳನ್ನು ಗಟ್ಟಿಯಾಗಿ ಓದತೊಡಗಿದರು. ಶ್ರೀಪ್ರಿಯಾ, "ನಾನು ಮೊಟ್ಟೆಯನ್ನೂ ಮುಟ್ಟುವುದಿಲ್ಲಪ್ಪ" ಎಂದಳು. ಜಯೇಶನೋ, ನೀರುಳ್ಳಿಯನ್ನೂ ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿಸುವ ಮನೆಯವನು. ನಾಲ್ವರಲ್ಲಿ ಆ ಪಾರ್ಸೆಲ್ ಹಿಡಿಯಬಲ್ಲ ಒಂದು ಕೈಯೂ ಇರಲಿಲ್ಲ.

"ಸನ್ನ ಮಾತ್ರ ತಗೊಳ್ಳುವ," ಎಂದರು ಹನೀಫಾಕ ಕೊನೆಗೆ. "ಪೊರ್ಬುಗಳು ಅಡ್ಜಸ್ಟ್ ಮಾಡ್ತಾರೆ."

ಸನ್ನವೆಂದರೆ ಇಡ್ಲಿಯ ತಮ್ಮ. ಆದರೆ ಉಬ್ಬಲಿಕ್ಕೆ ಕಳ್ಳು ಹಾಕುತ್ತಾರೆ ಎಂದು ಭಟ್ಟರು ಮೆಲ್ಲಗೆ ಹೇಳಿದ್ದರಿಂದ ಜಯೇಶ ದಾರಿಯ ಹೋಟೆಲಿನಲ್ಲಿ ಕೊಂಡ ಆ ಪೊಟ್ಟಣವನ್ನೂ ಕರವಸ್ತ್ರದಲ್ಲಿ ಸುತ್ತಿ ಎರಡೇ ಬೆರಳಲ್ಲಿ ಹಿಡಿದ. ಒಂದು ಕೈಯಲ್ಲಿ ಗೊರಕೆ, ಇನ್ನೊಂದು ಕೈಯಲ್ಲಿ ಕಳ್ಳು. ಇಳಿಯುವ ಮೊದಲು ಹನೀಫಾಕನ ತೋಳು ಹಿಡಿದು ಕೇಳಿಕೊಂಡ: "ಅವರ ಗೋರಿ ಎಲ್ಲಿ ಅಂತ ಬಂಟ್ವಾಳದಲ್ಲಿ ವಿಚಾರಿಸಿ ಹನೀಫಾಕ. ನಾಳೆಯೇ ಹೋಗಿ ಮೋಂಬತ್ತಿ ಹಚ್ಚಿ ಬರ್ತೇನೆ."

ಹನೀಫಾಕ ಫೋನ್ ಮಾಡಿದರು. ಆಚೆಯವರ ಮಾತು ಕೇಳುತ್ತಾ ಅವರ ಮುಖ ಹಳೇ ಸುಣ್ಣದ ಗೋಡೆಯ ಹಾಗೆ ಬಣ್ಣ ಬಿಟ್ಟಿತು.

"ಏನಂತೆ?"

"ಬಂಟ್ವಾಳದಲ್ಲಿ ಅವರ ಗೋರಿಯೇ ಇಲ್ಲವಂತೆ ಮಾರಾಯ. ಮಣ್ಣು ಮಾಡಿದ್ದು ಯಾರಿಗೂ ಗೊತ್ತಿಲ್ಲವಂತೆ. ಮಗಳ ನಂಬ್ರ ಹುಡುಕಿ ಕೊಡ್ತೇನೆ ಅಂದಿದ್ದಾರೆ."

ಗೋರಿ ಇಲ್ಲದವರು ಎಲ್ಲಿರುತ್ತಾರೆ ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಎಲ್ಲರ ಕಣ್ಣೂ ಚೀಲದ ಮೇಲೆ ಹೋಯಿತು.

ಸಭಾಭವನದಲ್ಲಿ ಕರೆಂಟು ಹೋಗಿತ್ತು. ಎದುರಿನ ಹಾಲಿನಲ್ಲಿ ಜನ ಬೀಸಣಿಗೆಯಂತೆ ಆಮಂತ್ರಣ ಪತ್ರಿಕೆ ಬೀಸುತ್ತಾ ಸನ್ಮಾನದ ಭಾಷಣ ಸಹಿಸುತ್ತಿದ್ದರು. ರಂಗದ ಹಿಂದಿನ ಓಣಿಯಂಥ ಜಾಗದಲ್ಲಿ ಒಡೆದ ಪ್ಲಾಸ್ಟಿಕ್ ಕುರ್ಚಿಗಳು, ಮಡಚಿದ ಪರದೆ, ಹೊರಗೆ ಉರಿಬಿಸಿಲಿದ್ದರೂ ಒಳಗೆ ಬಾವಿಯ ಥಂಡಿ. ಜಯೇಶ ಇದ್ದುದರಲ್ಲಿ ಗಟ್ಟಿಯಾದ ಕುರ್ಚಿಯೊಂದನ್ನು ಒರೆಸಿ, ಎದುರಿಗೆ ಸ್ಟೂಲಿನ ಮೇಲೆ ಬಾಳೆಲೆ ಹಾಸಿ, ಸನ್ನಗಳನ್ನು ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದ.

"ಪೊರ್ಬುಗಳೇ, ತಪ್ಪಾಯ್ತು. ನೀವು ಬರೀ ಹೆಸರು ಅಲ್ಲ. ಫ್ರಿಜ್ ಅಂದದ್ದೂ ತಪ್ಪು. ಇವತ್ತು ಒಂದು ದಿನ ನನ್ನ ಕೈ ಕಾಯಬೇಕು."

"ಬಫಾತ್ ಇಲ್ವಾ ಪುತಾ?"

ಜಯೇಶ ಕಣ್ಣು ಬಿಟ್ಟ. ಕುರ್ಚಿಯಲ್ಲಿ ಬಿಳಿ ಶರಟಿನ ಮುದುಕರೊಬ್ಬರು ಕಾಲ ಮೇಲೆ ಕಾಲು ಹಾಕಿ ಕೂತು, ಎಲೆಯ ಮೇಲೆ ಕೈಯಾಡಿಸುತ್ತಿದ್ದರು. ಶ್ರದ್ಧಾಂಜಲಿ ಫೋಟೋದ ಅದೇ ಮೂಗು.

"ನೀ... ನೀವು ಎಲ್ಲಿಂದ?"

"ಮೇಲಿಂದ."

"ಮೇಲೆ... ಮೇಲೆ ಹೇಗುಂಟು?"

"ಚಳಿ ಪುತಾ, ಭಾರೀ ಚಳಿ. ಯಾವಾಗ ನೋಡಿದ್ರೂ ಮಂಜು. ಎದುರಿಗೆ ಬಂದ ಮನುಷ್ಯ ಕಾಣುವುದಿಲ್ಲ."

ಜಯೇಶ ಮುಗಿದ ಕೈಯನ್ನು ಇನ್ನಷ್ಟು ಮೇಲೆತ್ತಿದ. "ಅಲ್ಲಿ ಒಬ್ಬರೇ ಇರುವುದಾ?"

"ಮಗಳಿದ್ದಾಳೆ, ಅಳಿಯ ಇದ್ದಾನೆ."

"ಅಯ್ಯೋ, ಅವರೂ ಹೋದ್ರಾ! ಯಾವಾಗ?"

"ನಾನು ಹೋಗುವ ಮೊದಲೇ. ಅಳಿಯನಿಗೆ ಕಾಫಿ ತೋಟದಲ್ಲಿ ಕೆಲಸ."

"ಸ್ವರ್ಗದಲ್ಲಿ ಕಾಫಿ ತೋಟವಾ?"

ಮುದುಕರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಸ್ವರ್ಗ ಎಂತದು? ಕೊಟ್ಟಿಗೆಹಾರ!"

ಜಯೇಶನ ತಲೆಯೊಳಗೆ ದೀಪ ಹೊತ್ತಲು ತುಸು ಹೊತ್ತು ಹಿಡಿಯಿತು. ಬೆಳ್ತಂಗಡಿಯವರಿಗೆ ಮೇಲೆ ಅಂದರೆ ಚಾರ್ಮಾಡಿ ಘಟ್ಟ ಹತ್ತಿದ ಮೇಲೆ. ರಿಝ್ವಾನ್ ಹೇಳಿದ್ದು ಘಟ್ಟದ ಮಾತು. ಮೂಡಬಿದಿರೆಯ ಭಟ್ಟರು ಅದನ್ನು ಆಕಾಶದವರೆಗೆ ಎಳೆದು ಫೋಟೋಕ್ಕೆ ಹಾರ ಹಾಕಿಬಿಟ್ಟಿದ್ದರು! ಅವನಿಗೆ ನಗು ತಡೆಯಲಾಗಲಿಲ್ಲ. ಹಾರದ ಸುದ್ದಿ ಹೇಳಿದಾಗ ಪೊರ್ಬುಗಳೂ ನಕ್ಕರು. "ಸ್ಟೇಜಿನಲ್ಲಿ ಇದ್ದಾಗ ಒಬ್ಬನೂ ಹಾಕ್ಲಿಲ್ಲ" ಎಂದರು.

"ಇವತ್ತು ಎಂತ ಈ ಕಡೆ?"

"ಬೆಳಿಗ್ಗೆ ಚಹಾ ಕುಡೀತಾ ಕೂತಿದ್ದೆ. ಯಾರೋ ನನ್ನ ಹೆಸರು ಹೇಳಿದ ಹಾಗಾಯ್ತು. ಎದ್ದು ಹೊರಟೆ. ಎಷ್ಟೋ ವರ್ಷದ ಮೊಣಕಾಲು ನೋವು, ಇವತ್ತು ಮಾಯ! ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟೂ ಕೇಳ್ಲಿಲ್ಲ."

"ಪರಿಚಯದವನಿರಬೇಕು," ಎಂದ ಜಯೇಶ. ಹೆದರಿಕೆ ಇಳಿದದ್ದೇ ಅವನ ಹಳೇ ಸೊಕ್ಕು ಏರಿತ್ತು. "ಜೀವಂತ ಇದ್ದೀರಲ್ಲ, ಮುಖಕ್ಕೇ ಹೇಳ್ತೇನೆ ಪೊರ್ಬುಗಳೇ. ಬೇಜಾರು ಮಾಡ್ಬೇಡಿ. ಒಂದೇ ಸ್ವರಕ್ಕೆ ಇಷ್ಟು ಹೆಸರು ಹೆಚ್ಚಾಯ್ತು."

"ಹೆಚ್ಚೇ," ಎಂದರು ಪೊರ್ಬುಗಳು ಸಂತೋಷದಿಂದ. "ಒಂದು ದಿನ ಮೂರು ತಂತಿ ತುಂಡಾಯ್ತು. ಹೊಸದು ತರುವವರೆಗೆ ಉಳಿದ ಒಂದರಲ್ಲಿ ಧೂಂ ಧೂಂ ಅಂತ ಸಮಯ ಕಳೆದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಮತ್ತೆ ತಂತಿ ಹಾಕ್ಲಿಕ್ಕೆ ಯಾಕೆ ಹೋಗುವುದು? ಬೇರೆ ಸ್ವರ ಎಲ್ಲ ಮರೆತೇ ಹೋಯ್ತು."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆಚೆ ಕರೆಂಟು ಬಂತು. ಭಟ್ಟರು ಜಯೇಶನನ್ನು ಕೂಗಿದರು.

"ನನಗೆ ಇನ್ನು ಪುರುಸೊತ್ತುಂಟು," ಎಂದರು ಪೊರ್ಬುಗಳು. "ನಿನ್ನ ಪ್ರೋಗ್ರಾಮಿಗೆಲ್ಲ ಬರ್ಲಾ?"

"ಖಂಡಿತ ಬನ್ನಿ. ಎಲ್ಲದಕ್ಕೂ ಬನ್ನಿ. ಗಾಡಿಯಲ್ಲಿ ನನ್ನ ಪಕ್ಕ ಜಾಗ ಉಂಟು."

"ಮಾತು ಕೊಟ್ಟೆ ಅಲ್ವಾ?"

"ಕೊಟ್ಟೆ," ಎಂದು ಜಯೇಶ ರಂಗಕ್ಕೆ ಓಡಿದ.

ಮೊದಲ ಹಾಡಿನಲ್ಲಿ ಅವನು ತಿಂಗಳುಗಟ್ಟಲೆ ಬೆರಳು ಸವೆಸಿ ಕಲಿತ ಓಟವನ್ನು ತೋರಿಸಲು ಹೊರಟ. ಟಣ್ ಎಂದು ಒಂದು ತಂತಿ ಹೋಯಿತು. ಎರಡನೆಯದು ಹೋಯಿತು. ಮೂರನೆಯದಂತೂ ಅವನು ಮುಟ್ಟುವ ಮೊದಲೇ ಬಿಟ್ಟುಕೊಂಡಿತು. ಬೇಸಿನ ತಂತಿ ಅಂದರೆ ಬಾವಿಹಗ್ಗದಂಥದು, ಹೀಗೆ ಹರಿದದ್ದನ್ನು ಅವನು ಕಂಡೇ ಇರಲಿಲ್ಲ. ಶ್ರೀಪ್ರಿಯಾಳ ಎಡಗೈ ಮೇಲೆದ್ದದ್ದು ಕಣ್ಣ ಅಂಚಿನಲ್ಲಿ ಕಂಡಿತು. ಬೇರೆ ದಾರಿ ಇರಲಿಲ್ಲ. ಉಳಿದ ಒಂದೇ ತಂತಿಯನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟ.

ಧೂಂ.

ಹಾಲಿನಲ್ಲಿ ಬೀಸುತ್ತಿದ್ದ ಪತ್ರಿಕೆಗಳೆಲ್ಲ ನಿಂತವು. ಅಳುತ್ತಿದ್ದ ಮಗು ನಿಂತಿತು. ಮುಂದಿನ ಸಾಲಿನ ಅಧ್ಯಕ್ಷರು ಎದೆಯ ಮೇಲೆ ಕೈ ಇಟ್ಟುಕೊಂಡರು. ಕೊನೆಯವರೆಗೂ ಅದೊಂದೇ ಸ್ವರ. ಮುಗಿದಾಗ ಜನ ಎದ್ದು ನಿಂತಿದ್ದರು.

ಭಟ್ಟರು ಕಣ್ಣೊರೆಸುತ್ತಾ ಬಂದರು. "ಇನ್ನು ನೀನೇ ಪರ್ಮನೆಂಟ್. ಆದ್ರೆ ಒಂದು ಮಾತು, ಬೇರೆ ಸ್ವರ ಮುಟ್ಟುವ ಹಾಗಿಲ್ಲ. ಆ ಹಳೇ ಕಿಟಿಪಿಟಿ ಎಲ್ಲ ಬಿಟ್ಟುಬಿಡು."

"ಭಟ್ರೇ, ನಾನು ಕಲಿತದ್ದು..."

"ಕಲಿತದ್ದನ್ನು ಮನೆಯಲ್ಲಿ ಬಾರಿಸು."

ಹೀಗೆ ಜಾಗ ಉಳಿಯಿತು, ಕೈ ಹೋಯಿತು. ಇನ್ನು ಸಾಯುವವರೆಗೆ ಧೂಂ. ನಾಳೆ ಹನೀಫಾಕನ ಅಂಗಡಿಯಲ್ಲಿ ಯಾವನೋ ಹುಡುಗ ಚಹಾ ಹೀರುತ್ತಾ, ಜಯೇಶನಾ, ಬರೀ ಹೆಸರು ಎನ್ನುತ್ತಾನೆ. ಆದರೂ ಒಂದು ಸಮಾಧಾನ ಇತ್ತು. ಅವನು ಗಾಡಿಯ ಹತ್ತಿರ ನಿಂತಿದ್ದ ಹನೀಫಾಕನ ಕಡೆಗೆ ಓಡಿದ.

"ಹನೀಫಾಕ! ಪೊರ್ಬುಗಳು ಸತ್ತೇ ಇಲ್ಲ! ಮೇಲೆ ಅಂದ್ರೆ ಘಟ್ಟದ ಮೇಲೆ! ಕೊಟ್ಟಿಗೆಹಾರ!"

ಹನೀಫಾಕ ಫೋನನ್ನು ಕಿಸೆಗೆ ಹಾಕುತ್ತಿದ್ದರು. "ಹೌದು. ಈಗ ಮಗಳ ಹತ್ರ ಮಾತಾಡಿದೆ. ಎಂಟು ವರ್ಷದಿಂದ ಅಲ್ಲಿಯೇ ಇದ್ದದ್ದಂತೆ."

"ನೋಡಿದ್ರಾ?"

"ಇವತ್ತು ಬೆಳಿಗ್ಗೆ ಚಹಾ ಕುಡೀತಾ ಕೂತವರು ಹಾಗೆಯೇ ಮೇಲೆ ಹೋದ್ರಂತೆ."

"ಕೊಟ್ಟಿಗೆಹಾರದಿಂದ ಇನ್ನೂ ಮೇಲೆ ಎಲ್ಲಿಗೆ? ಚಿಕ್ಕಮಗಳೂರಿಗಾ?"

"ಇಲ್ಲ ಮಾರಾಯ," ಎಂದರು ಹನೀಫಾಕ. "ಅದಕ್ಕಿಂತಲೂ ಮೇಲೆ."

ಜಯೇಶ ಮೆಲ್ಲಗೆ ತಿರುಗಿದ. ತೆರೆದ ಹಿಂಬಾಗಿಲಿನಿಂದ ಆ ಕುರ್ಚಿ ಕಾಣುತ್ತಿತ್ತು. ಎಲೆಯ ಮೇಲಿನ ಸನ್ನಗಳು ಆರಿ ಗಟ್ಟಿಯಾಗಿದ್ದವು, ಒಂದರಲ್ಲೂ ಒಂದು ತುತ್ತು ಮುರಿದಿರಲಿಲ್ಲ. ಅವನು ಗಾಡಿ ಹತ್ತಿ, ಚೀಲವನ್ನು ಕಾಲ ಬಳಿ ಇಟ್ಟು, ಕಿಟಕಿಗೆ ಒತ್ತಿ ಕೂತ. ಪಕ್ಕದ ಖಾಲಿ ಸೀಟಿನ ಸ್ಪಂಜು, ಯಾರೋ ಆರಾಮವಾಗಿ ಕೂತ ಹಾಗೆ, ಉಸ್ಸೆಂದು ಕೆಳಗಿಳಿಯಿತು.